ಎರಡು ಮೂತಿಯ ವಯರು

ಕರೆಂಟಕ್ಕನಿಗೆ ಆ ಕಂಪ್ಯೂಟರಿನ ಕಾಯಿಲೆ ಏನೆಂದು ಪಕ್ಕದ ಮುಚ್ಚಳ ತೆಗೆದ ಮರುಗಳಿಗೆಯೇ ಗೊತ್ತಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಕತೆ ಕೇಳಿ, ಪಾಪ, ಅವಳಿಗೆ ತಿಳಿಯಲಿಲ್ಲವೇನೋ ಎಂದು ಯಾರಾದರೂ ಕನಿಕರಪಟ್ಟಾರು. ತಿಳಿದಿತ್ತು. ಚೆನ್ನಾಗಿಯೇ ತಿಳಿದಿತ್ತು.

ಅವಳ ರಿಪೇರಿ ಅಂಗಡಿ ಇದ್ದದ್ದು ಚಪ್ಪಲಿ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಬರಬೇಕು. ಕಂಪ್ಯೂಟರ್ ಹೊತ್ತು ಬರುವವರು ಅರ್ಧದಲ್ಲಿ ನಿಂತು, ಅಂಗಡಿಯವಳನ್ನೂ ಕಟ್ಟಡ ಕಟ್ಟಿದವನನ್ನೂ ಸೇರಿಸಿ ಬೈದು, ಉಸಿರು ತಗೊಂಡು ಮತ್ತೆ ಹತ್ತುತ್ತಿದ್ದರು. ಮೇಲೆ ಒಂದೇ ಕೋಣೆ. ಗೋಡೆಯುದ್ದಕ್ಕೂ ಮೇಜು, ಮೇಜಿನ ಮೇಲೆ ಬಾಗಿಸುವ ದೀಪ, ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಗೊಂದು ಜಾತಿಯ ವಯರು. ಕಿಟಕಿ ಬದಿಯ ಕುರ್ಚಿಯಲ್ಲಿ ಚಿಕ್ಕಮ್ಮ. ಅವಳು ಕರೆಂಟಕ್ಕನ ತಾಯಿಯ ತಂಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಊರಿನವರ ಮಾತನ್ನೆಲ್ಲ ಜೋಡಿಸಿ ಜೋಡಿಸಿ ನಿವೃತ್ತಳಾದವಳು. ಕೆಲಸ ಬಿಟ್ಟರೂ, ಇಬ್ಬರು ಮಾತಾಡುತ್ತಿದ್ದರೆ ಮಧ್ಯೆ ಕಿವಿ ಇಡುವ ಚಟ ಬಿಟ್ಟಿರಲಿಲ್ಲ. ಹಗಲೆಲ್ಲ ಅಲ್ಲೇ ಕೂತು, ಬಿಚ್ಚಿದ ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗೆ ಹಾಕುತ್ತ, ಬಂದವರಿಗೆಲ್ಲ ಒಂದೊಂದು ಅಡ್ಡಹೆಸರು ಇಡುತ್ತಿದ್ದಳು. ಕರೆಂಟಕ್ಕ ಎಂಬ ಹೆಸರೂ ಅವಳದೇ ದಾನ. ಅಕ್ಕನ ಮಗಳನ್ನು ಹಾಗೆ ಕರೆಯಬಹುದೇ ಎಂದು ಕೇಳಿದವರಿಗೆ, "ಮುಟ್ಟಿ ನೋಡಿ, ಆಮೇಲೆ ಹೇಳಿ" ಎನ್ನುತ್ತಿದ್ದಳು.

ಆ ಮನುಷ್ಯ ಬಂದದ್ದು ಒಂದು ಮಧ್ಯಾಹ್ನ. ಮಗುವನ್ನು ಎತ್ತಿಕೊಂಡಂತೆ ಎರಡು ಕೈಯಲ್ಲೂ ಕಂಪ್ಯೂಟರನ್ನು ಅವಚಿಕೊಂಡು, ಬಾಗಿಲನ್ನು ಮೊಣಕೈಯಿಂದ ದೂಡಿ ಒಳಗೆ ಬಂದ. ಕಿವಿಯ ಪಕ್ಕ ನರೆತ ಕೂದಲು, ತೋಳು ಮಡಿಸಿದ ಅಂಗಿ, ಬೆವರು. ಎಲ್ಲರ ಹಾಗೆ ಮೆಟ್ಟಿಲನ್ನು ಬೈಯಲಿಲ್ಲ. ಮೇಜಿನ ಮೇಲೆ ಜೋಪಾನವಾಗಿ ಇಳಿಸಿ, ಕನ್ನಡಕ ಒರೆಸಿಕೊಂಡು ನಿಂತ.

"ಏನಾಗುತ್ತೆ?" ಎಂದಳು ಕರೆಂಟಕ್ಕ.

"ಚಿತ್ರ ತಯಾರಿಸೋಕೆ ಹಚ್ಚಿದ ತಕ್ಷಣ ಟಪ್ ಅಂತ ಆರಿಹೋಗುತ್ತೆ. ಬೇರೆ ಹೊತ್ತಲ್ಲಿ ಹಾಲು ಕುಡಿದ ಮಗು ಥರ ಸುಮ್ನಿರುತ್ತೆ. ಕೆಲಸ ಅಂದ್ರೆ ಮಾತ್ರ ಪ್ರಾಣ ಬಿಡುತ್ತೆ."

"ನಮ್ಮ ಕಡೆ ನೆಂಟರಲ್ಲೂ ಅಂಥವರಿದಾರೆ" ಎಂದಳು ಚಿಕ್ಕಮ್ಮ, ಸ್ಕ್ರೂ ಡಬ್ಬಿಯಿಂದ ತಲೆ ಎತ್ತದೆ.

ಅವನು ನಕ್ಕ. ಕರೆಂಟಕ್ಕ ನಗಲಿಲ್ಲ, ಚಿಕ್ಕಮ್ಮನ ಇಂಥ ಮಾತು ಕೇಳಿ ಕೇಳಿ ಅವಳಿಗೆ ಕಿವಿ ತೂತು ಬಿದ್ದಿತ್ತು. ಮುಚ್ಚಳ ಬಿಚ್ಚಿ ದೀಪ ಬಾಗಿಸಿದಳು.

ಒಳಗೆ ಚಿತ್ರ ಮೂಡಿಸುವ, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು, ಅದಕ್ಕೆ ಮೂರು ಫ್ಯಾನು, ನೋಡಿದರೆ ಗೌರವ ಹುಟ್ಟುವಂಥದ್ದು. ಅಂಥ ಕಾರ್ಡಿಗೆ ಬೋರ್ಡಿನ ಮೂಲಕ ಬರುವ ಕರೆಂಟು ತುಟಿ ಒದ್ದೆ ಮಾಡಿಕೊಳ್ಳಲೂ ಸಾಲದು. ಅದಕ್ಕೇ ಅದರ ನೆತ್ತಿಯ ಮೇಲೆ ಎರಡು ಸಾಕೆಟ್ಟು ಕೊಟ್ಟಿರುತ್ತಾರೆ. ಕೆಳಗಿನ ಪವರ್ ಸಪ್ಲೈ ಡಬ್ಬಿಯಿಂದ ಬೇರೆಬೇರೆ ಎರಡು ವಯರು ಎಳೆದು ಒಂದೊಂದಕ್ಕೆ ಒಂದೊಂದು ಚುಚ್ಚಬೇಕು. ಈ ಯಂತ್ರ ಜೋಡಿಸಿದವನು ಯಾರೋ ಮಹಾ ಸೋಮಾರಿ. ಒಂದೇ ವಯರು ಎಳೆದಿದ್ದ. ಆ ವಯರಿನ ತುದಿಯಲ್ಲಿ ಎರಡು ಮೂತಿ ಇರುತ್ತವೆ, ಚಿಕ್ಕಪುಟ್ಟ ಕಾರ್ಡುಗಳಿಗೆ ಅನುಕೂಲವಾಗಲಿ ಎಂದು. ಅವೆರಡನ್ನೂ ಎರಡು ಸಾಕೆಟ್ಟಿಗೆ ತುರುಕಿ ಕೈ ತೊಳೆದುಕೊಂಡಿದ್ದ. ನೋಡುವುದಕ್ಕೆ ಎರಡು, ಕರೆಂಟು ಬರುವುದು ಮಾತ್ರ ಒಂದೇ ದಾರಿಯಲ್ಲಿ. ಕಾರ್ಡು ಸುಮ್ಮನಿದ್ದಷ್ಟು ಹೊತ್ತು ನಡೆಯುತ್ತದೆ. ನಿಜವಾದ ಕೆಲಸ ಬಿದ್ದು ಅದು ಗಟಗಟ ಕುಡಿಯಲು ಹೊರಟಿತೋ, ಡಬ್ಬಿ ಹೆದರಿ, ತನ್ನ ಜೀವ ಉಳಿದರೆ ಸಾಕೆಂದು ಎಲ್ಲವನ್ನೂ ಆರಿಸಿಬಿಡುತ್ತದೆ.

ಮದ್ದು ಹಿಂದಿನ ಗೋಡೆಯ ಮೇಲೇ ನೇತಾಡುತ್ತಿತ್ತು. ಆ ಡಬ್ಬಿಗೆ ಹೊಂದುವ ವಯರೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂದು ಲೋಟ ಚಹಾ ಆರುವುದರೊಳಗೆ ಕೆಲಸ ಮುಗಿದು, ಅವನು ಮೆಟ್ಟಿಲಿಳಿದು ಹೋಗುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಆಗುತ್ತಿತ್ತು. ಸಾಲದ್ದಕ್ಕೆ, ಒಂದೇ ವಯರಲ್ಲಿ ಎರಡು ಸಾಕೆಟ್ಟಿಗೆ ಉಣಿಸುವವರ ಕೈ ಮುರಿಯಬೇಕು ಎಂದು ಉಪದೇಶವನ್ನೂ ಕೊಟ್ಟು ಕಳಿಸುತ್ತಿದ್ದಳು.

ಆದರೆ ಅವಳು ವಯರಿನ ಕಡೆ ತಿರುಗುವ ಮೊದಲು ಅವನು ಕೋಣೆಯನ್ನೊಮ್ಮೆ ಸುತ್ತ ನೋಡಿ, "ನಿಮಗೆ ಎಂಥ ಕಿಟಕಿ ಇಷ್ಟ?" ಎಂದು ಕೇಳಿಬಿಟ್ಟ.

"ಏನು?"

"ಕಿಟಕಿ. ನಾನು ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡೋನು. ಒಳಗೆ ನಡೆದಾಡಿದ ಹಾಗೆ ಕಾಣೋ ಚಿತ್ರ. ಕಟ್ಟೋರಿಗೆ, ಕೊಳ್ಳೋರಿಗೆ ತೋರ್ಸೋಕೆ. ಎಲ್ಲಾ ಕಡೆ ಹೋದಾಗ್ಲೂ ಇದನ್ನ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ನಿನಗೆ ಏನು ಇಷ್ಟ ಎಂದು ಕರೆಂಟಕ್ಕನನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ. ಅವಳಿಗೂ ಒಮ್ಮೆ ಮದುವೆಯಾಗಿತ್ತು. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳೊಂದಿಗೆ ನೆಲೆಸಿ, ಒಂದು ದಿನ ಫೋನು ಮಾಡಿ ತಿಳಿಸಿದ. ಅವಳು ಅತ್ತದ್ದು ಕಡಿಮೆ, ಬೈದದ್ದು ಹೆಚ್ಚು, ಆಮೇಲೆ ಅಂಗಡಿ ತೆರೆದಳು. ಅಲ್ಲಿಂದಾಚೆ ಜನ ಅವಳನ್ನು ಕೇಳುತ್ತಿದ್ದದ್ದು ಎರಡೇ: ಯಾವಾಗ ಸರಿಯಾಗುತ್ತೆ, ಎಷ್ಟಾಗುತ್ತೆ. ಈ ಮನುಷ್ಯ ನೋಡಿದರೆ ಕಿಟಕಿ ಕೇಳುತ್ತಿದ್ದಾನೆ. ಕೇಳಿ ಸುಮ್ಮನಾಗಲೂ ಇಲ್ಲ, ಉತ್ತರ ಬರುವವರೆಗೆ ಕಾಯುತ್ತ ನಿಂತಿದ್ದಾನೆ.

"ಕೂತಲ್ಲಿಂದ ಬೀದಿ ಕಾಣ್ಬೇಕು" ಎಂದಳು. "ನೋಡೋಕೆ ಅಂತ ಎದ್ದು ನಿಲ್ಲೋ ಹಾಗಿರಬಾರದು."

ಅವನು ಅದನ್ನು ಮನಸ್ಸಿನಲ್ಲಿ ಅಳೆದು ನೋಡಿದವನಂತೆ ತಲೆಯಾಡಿಸಿದ. "ಅಂದ್ರೆ ಕಿಟಕಿ ಕಟ್ಟೆ ಕೆಳಗಿಳಿಸ್ಬೇಕು. ಸರಿಯಾಗಿ ಹೇಳಿದ್ರಿ."

ಅಷ್ಟೇ ನಡೆದದ್ದು. ಕರೆಂಟಕ್ಕ ಯಂತ್ರದ ಕಡೆ ತಿರುಗಿ, ಯಾರೋ ಬೇರೆಯವರು ಮಾತಾಡಿದ ಹಾಗೆ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು. "ಇದನ್ನ ಸ್ವಲ್ಪ ನೋಡ್ಬೇಕು. ಇವತ್ತೇ ಇಂಥದ್ದೇ ಅಂತ ಹೇಳೋಕಾಗಲ್ಲ. ಸದ್ಯಕ್ಕೆ ಆರದ ಹಾಗೆ ಮಾಡಿಕೊಡ್ತೀನಿ, ಹೋದ ಮೇಲೆ ಹೇಗಿದೆ ಅಂತ ಬಂದು ಹೇಳಿ."

ಕಾರ್ಡು ಇಷ್ಟಕ್ಕಿಂತ ಹೆಚ್ಚು ಕರೆಂಟು ಎಳೆಯಕೂಡದು ಎಂದು ಕಂಪ್ಯೂಟರಿನೊಳಗಿಂದಲೇ ಮಿತಿ ಹಾಕಬಹುದು. ಅವಳು ಅದನ್ನು ಕೆಳಗಿಳಿಸಿದಳು. ಹಸಿದವನಿಗೆ ಅರ್ಧ ಹೊಟ್ಟೆಯೇ ಸಾಕು ಎಂದು ತಟ್ಟೆ ಎಳೆದುಕೊಂಡ ಹಾಗೆ. ಯಂತ್ರ ಆರಲಿಲ್ಲ. ಕುಂಟುತ್ತ ನಡೆಯಿತು. ಅವನು ಕೃತಜ್ಞತೆ ಹೇಳಿ ಹೊತ್ತುಕೊಂಡು ಹೋದ.

"ಆ ವಯರು ಯಾಕೆ ಹಾಕಲಿಲ್ಲ?" ಎಂದಳು ಚಿಕ್ಕಮ್ಮ. ಇಷ್ಟು ವರ್ಷ ಅಂಗಡಿಯಲ್ಲಿ ಕೂತವಳಿಗೆ ಎರಡು ಮೂತಿಯ ವಯರು ಕಾಣಿಸದೆ ಇರುತ್ತದೆಯೇ.

"ಮೊದ್ಲು ಬೇರೆ ಏನಾದ್ರೂ ಇದೆಯಾ ನೋಡೋಣ ಅಂತ."

"ಓ, ಹಾಗಾ" ಎಂದಳು ಚಿಕ್ಕಮ್ಮ. ಆ 'ಓ'ವನ್ನು ಎಷ್ಟು ಉದ್ದ ಎಳೆದಳೆಂದರೆ ಕೆಳಗಿನ ಚಪ್ಪಲಿ ಅಂಗಡಿಯವನಿಗೂ ಕೇಳಿಸಿರಬೇಕು.

ಅವನು ಬಂದ. ಆರುವುದೇನೋ ನಿಂತಿದೆ, ನಿಧಾನ ಅಂದರೆ ನಿಧಾನ ಎಂದ. ಅವಳು ಫ್ಯಾನುಗಳ ಧೂಳು ತೆಗೆದಳು. ಮತ್ತೆ ಬಂದ. ಚಿಪ್ಪಿನ ಮೇಲೆ ಶಾಖ ಎಳೆಯುವ ಪೇಸ್ಟನ್ನು ಹೊಸದಾಗಿ ಹಚ್ಚಿದಳು. ಮತ್ತೊಮ್ಮೆ ಬಂದಾಗ ಮೆಮೊರಿ ಪಟ್ಟಿಗಳನ್ನು ಅತ್ತಿಂದಿತ್ತ ಬದಲಿಸಿದಳು, ಯಾವ ಪುರುಷಾರ್ಥಕ್ಕೋ. ಯಾವುದಕ್ಕೂ ಕೂಲಿ ತೆಗೆದುಕೊಳ್ಳಲಿಲ್ಲ, ಪೂರ್ತಿ ಸರಿಯಾದ ಮೇಲೆ ನೋಡೋಣ ಎಂದಳು. ಅವಳು ಕೆಲಸ ಮಾಡುವಷ್ಟು ಹೊತ್ತು ಅವನು ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದ. ನೀರಿನ ಮೇಲೆ ಬಿದ್ದ ಬೆಳಕನ್ನು ಕಂಪ್ಯೂಟರಿನಲ್ಲಿ ಮಾಡುವುದು ಎಷ್ಟು ಕಷ್ಟ, ಮರದ ಬಾಗಿಲಿಗೆ ಹೊಸತನ ತೆಗೆದು ಕೈ ತಾಗಿ ತಾಗಿ ಸವೆದ ಗುರುತು ಕೊಡುವುದು ಹೇಗೆ, ಇಂಥವೇ. ತಾನು ಮಾಡುತ್ತಿರುವ ಕಟ್ಟಡದಲ್ಲಿ ಕಿಟಕಿ ಕಟ್ಟೆಗಳನ್ನೆಲ್ಲ ಕೆಳಗಿಳಿಸಿದ್ದೇನೆ ಎಂದೂ ಹೇಳಿದ. ಅವಳು ಸ್ಕ್ರೂ ತಿರುಗಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಬಿಗಿಯಾದ ಸ್ಕ್ರೂವನ್ನೇ ಮತ್ತೆ ಮತ್ತೆ ಬಿಗಿಮಾಡುತ್ತಿದ್ದಳು.

ಉಳಿದದ್ದನ್ನು ಅವನ ಬಾಯಿಂದ ಹೊರಡಿಸಿದವಳು ಚಿಕ್ಕಮ್ಮ. ಎಕ್ಸ್‌ಚೇಂಜಿನ ಕಾಲದ ದನಿಯಲ್ಲಿ, ಸಕ್ಕರೆ ಬೆರೆಸಿ, "ಮನೇಲಿ ಯಾರ್ಯಾರಿದೀರಪ್ಪ?" ಎಂದು ಶುರು ಮಾಡಿ ಅವನ ಜಾತಕವನ್ನೆಲ್ಲ ಬಿಡಿಸಿಬಿಟ್ಟಳು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಮಗಳೊಬ್ಬಳಿದ್ದಾಳೆ, ಹಾಸ್ಟೆಲ್ಲಿನಲ್ಲಿ ಓದುತ್ತಾಳೆ. ಅಡುಗೆ ತಾನೇ ಮಾಡಿಕೊಳ್ಳುತ್ತಾನೆ, ಅಷ್ಟಕ್ಕಷ್ಟೆ. ಅವನು ಹೋದ ಮೇಲೆ ಚಿಕ್ಕಮ್ಮ ತೀರ್ಪು ಕೊಟ್ಟಳು.

"ನಿನ್ನ ಕಟ್ಟದ ಮನೆಯವನು ಒಳ್ಳೆಯವನೇ ಕಣೆ."

"ನನ್ನವನೇನಲ್ಲ."

"ನಿನ್ನವನಲ್ಲದಿದ್ರೆ ಹೋದ ವಾರ ಹಚ್ಚಿದ ಪೇಸ್ಟನ್ನ ಈ ವಾರ ಯಾಕೆ ಕೆರೆದು ಹಚ್ಚಿದೆ?"

ಕರೆಂಟಕ್ಕ ಪೇಸ್ಟಿನ ಟ್ಯೂಬಿಗೆ ಮುಚ್ಚಳ ಹಾಕಿದಳು. ಕಬ್ಬಿಣದ ಮೆಟ್ಟಿಲ ಮೇಲೆ ಕಾಲು ಸದ್ದಾದಾಗಲೆಲ್ಲ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಭಾರ ಹೊತ್ತ ಹೆಜ್ಜೆಯೋ ಬರಿಗೈ ಹೆಜ್ಜೆಯೋ ಎಂದು ಕಿವಿ ಲೆಕ್ಕ ಹಾಕುತ್ತಿತ್ತು. ಬೇರೆ ಯಾರಾದರೂ ಬಾಗಿಲಲ್ಲಿ ಕಂಡರೆ, ಪಾಪ ಅವರ ಮೇಲೆ ಸಿಡುಕುತ್ತಿದ್ದಳು. ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತು, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನಗೆ ತಾನೇ ಬೈದುಕೊಂಡು, ಮತ್ತೆ ಇನ್ನೊಂದು ಗಳಿಗೆ ನಿಲ್ಲುತ್ತಿದ್ದಳು. ಅವನು ಬಾರದ ದಿನಗಳಲ್ಲಿ ಸಂಜೆ ಅನ್ನುವುದು ಮುಗಿಯುತ್ತಲೇ ಇರಲಿಲ್ಲ. ಅವನು ಬೇಕು ಎನಿಸುತ್ತಿತ್ತು. ಅವನ ಮಾತು ಬೇಕು, ಕನ್ನಡಕ ಒರೆಸುವ ಆ ನಿಧಾನ ಬೇಕು, ಊಟವಾಯಿತೇ ಎಂದು ಅವನನ್ನು ಕೇಳುವ ಹಕ್ಕು ಬೇಕು. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಕ್ಕಿಂತ ಜೀವಂತ ತಂತಿ ಹಿಡಿಯುವುದೇ ಮೇಲು ಎಂದುಕೊಂಡಿದ್ದಳು. ಒಮ್ಮೆ ಗಂಡ ಕೈಬಿಟ್ಟುಹೋದವಳಿಗೆ ಮತ್ತೆ ಕೈಚಾಚುವುದು ಅಷ್ಟು ಸುಲಭವಲ್ಲ. ಅವಳಿಗೆ ತಿಳಿದಿದ್ದ ಲೆಕ್ಕ ಒಂದೇ. ಯಂತ್ರ ಸರಿಹೋಯಿತೋ, ಅವನು ಬರುವುದು ನಿಂತಿತು.

ಹೀಗಿರುವಾಗ ಒಂದು ದಿನ ಅವನು ಬಂದದ್ದೇ ಬೇರೆ ಚಹರೆಯಲ್ಲಿ. ಕಣ್ಣಲ್ಲಿ ಮಿಂಚು, ಕೂರಲೂ ತಾಳ್ಮೆಯಿಲ್ಲ.

"ಊರಿನ ಹೊಸ ಗ್ರಂಥಾಲಯ ಇದೆಯಲ್ಲ, ಅದನ್ನ ಕಟ್ಟೋ ಸಮಿತಿಯವರು ಚಿತ್ರ ಕೇಳಿದಾರೆ. ಬಾಗಿಲಿಂದ ಹಿಡಿದು ಮಾಳಿಗೆವರೆಗೆ ನಡೆದಾಡೋ ಚಿತ್ರ. ನನ್ನದೊಂದು, ಇನ್ನೊಬ್ಬರದೊಂದು. ಯಾರದ್ದು ಚೆನ್ನಾಗಿದೆಯೋ ಅವರಿಗೆ ಪೂರ್ತಿ ಕೆಲಸ. ಇಡೀ ಜೀವಮಾನ ಅಂಗಡಿ ಮಳಿಗೆ, ಸ್ನಾನದ ಮನೆ ಬಿಡಿಸ್ಕೊಂಡು ಬಂದೆ. ಇಂಥದ್ದೊಂದು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಒಳ್ಳೇದಾಯ್ತಲ್ಲ" ಎಂದಳು ಕರೆಂಟಕ್ಕ. ಅವಳಿಗೆ ನಿಜವಾಗಿಯೂ ಸಂತೋಷವಾಯಿತು.

"ಒಳ್ಳೇದೇ. ಆದ್ರೆ ಸೋಮವಾರಕ್ಕೆ ಕೊಡ್ಬೇಕು. ಈಗಿನ ನಡಿಗೇಲಿ ಇದು ಮುಂದಿನ ತಿಂಗಳು ಮುಗಿಸುತ್ತೆ. ಏನಾದ್ರೂ ಮಾಡಿ ಸ್ವಲ್ಪ ವೇಗ ಕೊಡೋಕಾಗುತ್ತಾ?"

ಕರೆಂಟಕ್ಕ ಎದ್ದು ಹಿಂದಿನ ಗೋಡೆಯ ಹತ್ತಿರ ಹೋದಳು. ಆ ವಯರಿನ ಮೇಲೆ ಕೈಯಿಟ್ಟಳು. ಚಿಕ್ಕಮ್ಮ ಸ್ಕ್ರೂ ಎಣಿಸುವುದನ್ನು ಬಿಟ್ಟು ನೋಡುತ್ತಿದ್ದಳು. ಇದನ್ನು ಹಾಕಿದರೆ ಯಂತ್ರ ಇವತ್ತೇ ಎದ್ದು ಓಡುತ್ತದೆ. ಸೋಮವಾರ ಚಿತ್ರ ಹೋಗುತ್ತದೆ, ದೊಡ್ಡ ಕೆಲಸ ಸಿಗುತ್ತದೆ, ಆಮೇಲೆ ಅವನೆಲ್ಲಿ, ಈ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯೆಲ್ಲಿ? ಸೋಮವಾರ ಕಳೆಯಲಿ, ಎಂದುಕೊಂಡಳು. ಸೋಮವಾರ ಕಳೆದ ಮೇಲೆ ಹಾಕಿಕೊಟ್ಟರಾಯಿತು. ಇನ್ನೊಂದು ಸಲವಾದರೂ ಬರಲಿ.

ಕೈ ಕೆಳಗಿಳಿಸಿ ವಾಪಸು ಬಂದು, ಕಾರ್ಡಿಗೆ ಹಾಕಿದ್ದ ಮಿತಿಯನ್ನು ಸಡಿಲಿಸಿದಳು. ಡಬ್ಬಿ ಹೆದರಿ ಆರಿಸುವ ಗಡಿಗಿಂತ ಒಂದು ಕೂದಲೆಳೆ ಕೆಳಗೆ. ಬೇರೆ ರಿಪೇರಿಯವರು ಯಾರೂ ಇಂಥ ಕೆಲಸ ಮಾಡುವುದಿಲ್ಲ. ಅಷ್ಟು ಕರಾರುವಾಕ್ಕಾಗಿ ಗಡಿ ಗುರುತಿಸುವ ಕೈಯೂ ಅವರಿಗಿಲ್ಲ, ಆ ಹುಚ್ಚೂ ಇಲ್ಲ. ಆರುವುದಿಲ್ಲ ಎಂಬುದು ಅವಳಿಗೆ ಖಾತರಿಯಿತ್ತು. ಆದರೆ ಎರಡು ವಯರು ಹೊರಬೇಕಾದ್ದನ್ನು ಒಂದೇ ವಯರು ಹೊತ್ತರೆ ಅದು ಕಾದು ಬಿಸಿಯೇರುತ್ತದೆ ಎಂಬುದೂ ಅಷ್ಟೇ ಖಾತರಿಯಿತ್ತು.

"ಮಧ್ಯೆ ಮಧ್ಯೆ ಬಿಡುವು ಕೊಡ್ತಾ ಇರಿ" ಎಂದಳು. "ಒಂದೇ ಸಮ ಓಡಿಸ್ಬೇಡಿ."

"ಆಯ್ತು ಆಯ್ತು" ಎಂದ ಅವನು. ಆ ಅವಸರದಲ್ಲಿ ಏನು ಹೇಳಿದ್ದರೂ ಆಯ್ತು ಎನ್ನುತ್ತಿದ್ದ.

ಮೆಟ್ಟಿಲ ಸದ್ದು ನಿಂತ ಮೇಲೆ ಚಿಕ್ಕಮ್ಮ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಮಾತಾಡಿದಳು. "ಇಷ್ಟು ದಿನ ತಮಾಷೆ ಅಂತ ಸುಮ್ನಿದ್ದೆ. ಇದು ಅವರ ಅನ್ನದ ವಿಷಯ ಕಣೆ. ಫೋನು ಮಾಡಿ ಕರಿ."

"ಸೋಮವಾರ ತನಕ ತಡೆಯುತ್ತೆ."

"ಯಂತ್ರ ತಡೆಯುತ್ತೋ, ನೀನು ತಡೀತೀಯೋ?"

ಕರೆಂಟಕ್ಕ ಆ ದಿನವೆಲ್ಲ ಫೋನನ್ನು ಎತ್ತಿಕೊಳ್ಳುವುದು, ಇಡುವುದು, ಇಷ್ಟೇ ಮಾಡಿದಳು. ಮರುದಿನವೂ ಅದೇ ಹಾಡು. ಒಮ್ಮೆ ನಂಬರು ಒತ್ತಿಯೂ ಬಿಟ್ಟಳು. ಅತ್ತ ಯಾರೂ ಎತ್ತಲಿಲ್ಲ. ಕೆಲಸದಲ್ಲಿ ಮುಳುಗಿರಬೇಕು ಎಂದುಕೊಂಡಳು. ಇನ್ನೊಮ್ಮೆ ಒತ್ತಬಹುದಿತ್ತು. ಒತ್ತಲಿಲ್ಲ.

ಮಂಗಳವಾರ ಅವನು ಬಂದ. ಭಾರದ ಹೆಜ್ಜೆ. ಬಾಗಿಲು ತೆರೆದದ್ದೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು. ಕರೆಂಟಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಏನಾಯಿತು ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದಳು.

"ಭಾನುವಾರ ಸಂಜೆ" ಎಂದ. ಕ್ಷೌರ ಮಾಡಿಕೊಂಡಿರಲಿಲ್ಲ, ಕಣ್ಣು ಕೆಂಪಗಿತ್ತು. "ಬಿಡುವು ಕೊಡಿ ಅಂದಿದ್ರಿ, ಕೊಡೋಕೆ ಹೊತ್ತೆಲ್ಲಿತ್ತು. ಇನ್ನು ಮಾಳಿಗೆಯ ಓದೋ ಕೋಣೆ ಒಂದೇ ಬಾಕಿ ಇತ್ತು. ಹೊಗೆ ಬಂತು, ಆರಿಹೋಯ್ತು. ಆಮೇಲೆ ಏಳಲೇ ಇಲ್ಲ. ಆದಷ್ಟನ್ನ ತಗೊಂಡು ಹೋಗಿ ತೋರಿಸಿದೆ. ಅರ್ಧ ಕಟ್ಟಡ ತೋರಿಸಿದ್ರೆ ಯಾರು ಒಪ್ತಾರೆ? ಇನ್ನೊಬ್ಬರಿಗೆ ಹೋಯ್ತು."

ಕರೆಂಟಕ್ಕ ಮುಚ್ಚಳ ಬಿಚ್ಚಿದಳು. ಡಬ್ಬಿಯ ಕಡೆಯ ತುದಿಯಲ್ಲಿ ವಯರಿನ ಪ್ಲಗ್ಗು ಕರಗಿ, ಸಾಕೆಟ್ಟಿಗೇ ಅಂಟಿ, ಕಂದು ಮುದ್ದೆಯಾಗಿತ್ತು. ಕಾರ್ಡು ಏನೂ ಆಗದೆ ಉಳಿದಿತ್ತು, ಅದೊಂದು ಪುಣ್ಯ. ಅವಳು ಅಂಗಡಿಯಲ್ಲಿದ್ದ ಅತ್ಯುತ್ತಮ ಪವರ್ ಸಪ್ಲೈಯನ್ನು ಕಪಾಟಿನಿಂದ ತೆಗೆದಳು. ಕರಗಿದ್ದನ್ನು ಕಿತ್ತು ಹಾಕಿ, ಹೊಸದನ್ನು ಕೂರಿಸಿ, ಅದರ ಎರಡು ಬೇರೆ ಬೇರೆ ವಯರನ್ನು ಎರಡು ಸಾಕೆಟ್ಟಿಗೆ ಚುಚ್ಚಿದಳು. ಕೆಲಸ ಗೊತ್ತಿದ್ದ ಕೈ, ತಪ್ಪಲಿಲ್ಲ. ಮಿತಿಯನ್ನು ಪೂರ್ತಿ ತೆಗೆದಳು.

"ನಿಮ್ಮ ಚಿತ್ರ ಹಚ್ಚಿ."

ಅವನು ಹಚ್ಚಿದ. ಫ್ಯಾನುಗಳು ಎದ್ದು ಹೋ ಎಂದವು. ಅಂಗಡಿಯ ತೆರೆಯ ಮೇಲೆ ಗ್ರಂಥಾಲಯದ ಮಾಳಿಗೆ ಒಂದೊಂದು ಪಟ್ಟಿಯಾಗಿ ಮೂಡತೊಡಗಿತು, ಮರದ ಮೇಜುಗಳು, ನೆಲದ ಮೇಲೆ ಮಲಗಿದ ಬಿಸಿಲು. ಕಾರ್ಡು ಕುಡಿಯುವಷ್ಟು ಕುಡಿಯಿತು, ಡಬ್ಬಿ ಅಲುಗಾಡಲಿಲ್ಲ. ನೋಡನೋಡುತ್ತಿದ್ದಂತೆ ಕೋಣೆ ಪೂರ್ತಿಯಾಯಿತು. ಅವನು ಬಾಯಿ ತೆರೆದುಕೊಂಡು ನೋಡಿದ.

"ಇಷ್ಟೇನಾ?" ಎಂದ ಕೊನೆಗೆ. "ಒಂದು ವಯರು ಇದ್ದಲ್ಲಿ ಎರಡು, ಇಷ್ಟೇನಾ? ಇದನ್ನ ಮೊದಲೇ ಹಾಕೋಕಾಗ್ತಿರ್ಲಿಲ್ವಾ?"

ಆ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ. ಬರೀ ಅಚ್ಚರಿ. ಉತ್ತರ ಬಂದದ್ದು ಕಿಟಕಿ ಬದಿಯಿಂದ.

"ಎಲ್ಲಿ ಸಿಗುತ್ತಪ್ಪ ಅದು?" ಎಂದಳು ಚಿಕ್ಕಮ್ಮ. ಹಳೆಯ ಆಪರೇಟರು ಎರಡು ತಂತಿ ಜೋಡಿಸುವಷ್ಟೇ ಸಲೀಸಾಗಿ ಸುಳ್ಳನ್ನು ಜೋಡಿಸಿದಳು. "ಆ ಜಾತಿಯದ್ದು ಇರಲೇ ಇಲ್ಲ. ಇವಳು ಎಲ್ಲೆಲ್ಲೋ ಕೇಳಿ ಸಾಕಾದಳು. ನಿನ್ನೆ ತಾನೇ ಬಂತು."

ಅವನು ನಂಬಿದ. ನಂಬದಿರಲು ಅವನಿಗೇನು ಕಾರಣ? ಕನ್ನಡಕ ತೆಗೆದು ಒರೆಸಿಕೊಂಡು, ದಣಿದ ಮುಖದಲ್ಲೇ ನಕ್ಕ.

"ಹೋಗ್ಲಿ ಬಿಡಿ, ನಿಮ್ಮ ತಪ್ಪೇನಿದೆ. ಇಷ್ಟು ದಿನ ಇದರ ಹಿಂದೆ ಬಿದ್ದು ನೀವು ಪಟ್ಟ ಪಾಡು ನಾನೇ ನೋಡಿದೀನಲ್ಲ. ಒಂದು ದಿನಾನೂ ಮುಖ ಸಿಂಡರಿಸಲಿಲ್ಲ. ಕೆಲಸ ಇನ್ನೊಂದು ಬರುತ್ತೆ." ಸ್ಟೂಲಿನ ಅಂಚನ್ನು ಕೆರೆಯುತ್ತ ಹೇಳಿದ. "ಇದೀಗ ಪೂರ್ತಿಯಾಯ್ತಲ್ಲ, ಈ ಚಿತ್ರ ಯಾರೂ ನೋಡದೆ ಹೋಗೋದು ಬೇಡ. ಭಾನುವಾರ ನಮ್ಮನೆಗೆ ಬನ್ನಿ, ಚಿಕ್ಕಮ್ಮನವರನ್ನೂ ಕರ್ಕೊಂಡು. ಮಗಳೂ ಬಂದಿರ್ತಾಳೆ. ನಿಮ್ಮ ವಿಷಯ ಅವಳಿಗೆ ಹೇಳಿದೀನಿ."

ಚಿಕ್ಕಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಷ್ಟು ದಿನ ಕರೆಂಟಕ್ಕ ಯಾವುದಕ್ಕಾಗಿ ಬಾಯಿ ಬಿಡದೆ ಕಾದಿದ್ದಳೋ ಅದು ತಾನಾಗಿ ಬಂದು ಎದುರು ನಿಂತಿತ್ತು. ಹೂಂ ಅಂದರೆ ಸಾಕು. ಸುಳ್ಳನ್ನು ಹೇಳಿದವಳು ಅವಳೂ ಅಲ್ಲ. ಮುಂದೆಂದೂ ಯಾರಿಗೂ ಗೊತ್ತಾಗುವುದಿಲ್ಲ. ಅವನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದು, ಅವನ ಮಗಳು ಚಹಾ ತಂದುಕೊಡುವುದು, ಅವನು ಪಕ್ಕದಲ್ಲಿ ಕೂತು ತೆರೆ ತೋರಿಸುವುದು, ಎಲ್ಲವೂ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಹಾದುಹೋಯಿತು. ಹೋಗಲು ಅವಳ ಜೀವವೆಲ್ಲ ಹಾತೊರೆಯುತ್ತಿತ್ತು.

ಆದರೆ 'ನಿಮ್ಮ ತಪ್ಪೇನಿದೆ' ಎಂದಿದ್ದ. ಜೀವಮಾನದ ಕೆಲಸ ಕಳೆದುಕೊಂಡು ಬಂದು, ಕಳೆದವಳಿಗೇ ಸಮಾಧಾನ ಹೇಳುತ್ತಿದ್ದಾನೆ. ಭಾನುವಾರ ಹೋದರೂ ಇದೇ ಮುಖ ನೋಡಬೇಕು. ಆಮೇಲಿನ ಭಾನುವಾರಗಳಲ್ಲೂ. ಪ್ರತಿ ಸಲ ಅವನು ಒಳ್ಳೆಯ ಮಾತಾಡಿದಾಗಲೂ ಒಳಗಿನಿಂದ ಸುಟ್ಟ ವಾಸನೆ ಬರುತ್ತದೆ.

"ವಯರು ಮೊದಲಿಂದಲೂ ಇತ್ತು" ಎಂದಳು.

"ಏನೇ..." ಎಂದಳು ಚಿಕ್ಕಮ್ಮ.

"ನೀನು ಸುಮ್ನಿರು ಚಿಕ್ಕಮ್ಮ." ಕರೆಂಟಕ್ಕ ಅವನನ್ನೇ ನೋಡುತ್ತ ಹೇಳಿದಳು. "ಅಲ್ಲಿ, ಆ ಗೋಡೆ ಮೇಲೇ ಇತ್ತು. ಹಳೇ ಡಬ್ಬಿಗೇ ಹೊಂದ್ತಿತ್ತು. ನೀವು ಮೊದಲ್ನೇ ದಿನ ಬಂದಾಗ್ಲೇ ನನಗೆ ಗೊತ್ತಾಯ್ತು ಏನಾಗಿದೆ ಅಂತ. ಹಾಕಲಿಲ್ಲ. ಗ್ರಂಥಾಲಯದ ವಿಷಯ ಹೇಳಿದ ದಿನಾನೂ ಕೈಯಲ್ಲಿ ಹಿಡ್ಕೊಂಡಿದ್ದೆ. ಆಗ್ಲೂ ಹಾಕಲಿಲ್ಲ. ಸುಡಬಹುದು ಅಂತ ಗೊತ್ತಿದ್ದೂ ಮಿತಿ ಏರಿಸಿ ಕಳಿಸಿದೆ."

ಫ್ಯಾನುಗಳು ಓಡುತ್ತಲೇ ಇದ್ದವು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು.

"ಯಾಕೆ?" ಎಂದ.

"ಸರಿಹೋದ್ರೆ ನೀವು ಬರೋದು ನಿಲ್ಲುತ್ತೆ ಅಂತ."

ಹೇಳಿ ಮುಗಿಸಿದ ಮೇಲೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ನಾಚಿಕೆಗೆ ಜಾಗವೇ ಉಳಿದಿರಲಿಲ್ಲ. ಅವನು ಎದ್ದು ನಿಂತ, ಮತ್ತೆ ಕೂತ, ತೆರೆಯ ಮೇಲಿನ ಗ್ರಂಥಾಲಯವನ್ನು ನೋಡಿದ. ಕೈ ಚಾಚಿ ಯಂತ್ರವನ್ನು ಆರಿಸಿದ. ಕೋಣೆ ಒಮ್ಮೆಗೇ ಸದ್ದಿಲ್ಲದಾಯಿತು.

"ನಮ್ಮನೆ ಎದುರಿಗೇ ಒಂದು ರಿಪೇರಿ ಅಂಗಡಿ ಇದೆ" ಎಂದ. ದನಿ ಏರಲಿಲ್ಲ; ಏರಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. "ರಸ್ತೆ ದಾಟಿದ್ರೆ ಸಾಕು. ಮೊದಲ್ನೇ ಸಲ ಅಲ್ಲಿ ಬಾಗಿಲು ಹಾಕಿತ್ತು ಅಂತ ಇಲ್ಲಿಗೆ ಬಂದೆ. ಎರಡನೇ ಸಲದಿಂದ ಅದರ ಮುಂದೇನೇ ಇದನ್ನ ಹೊತ್ಕೊಂಡು ಇಲ್ಲಿಗೆ ಬರ್ತಿದ್ದೆ. ಒಂದು ದಿನ ಅವನು ಕರೆದು ಕೇಳಿದ, ನಾನು ನೋಡಬಾರದಾ ಅಂತ. ಬೇಡ ಅಂದೆ." ಕನ್ನಡಕವನ್ನು ಹಾಕಿಕೊಂಡ. "ಯಂತ್ರ ಸರಿಹೋಗಿದ್ರೂ ನಾನು ಬರ್ತಿದ್ದೆ. ಏನಾದ್ರೊಂದು ನೆವ ಹುಡುಕ್ಕೊಂಡು ಬರ್ತಿದ್ದೆ. ಈಗ ಹೇಗೆ ಬರ್ಲಿ, ನೀವೇ ಹೇಳಿ."

ಕರೆಂಟಕ್ಕ ಮುಚ್ಚಳಕ್ಕೆ ಕೈ ಚಾಚಿದಳು.

ಅವನು ಮುಚ್ಚಳವನ್ನು ತಾನೇ ಕೂರಿಸಿ, ಸ್ಕ್ರೂಗಳನ್ನು ತಾನೇ ತಿರುಗಿಸಿದ. ಒಂದು ಸ್ಕ್ರೂ ಕೆಳಗೆ ಬಿದ್ದು ಉರುಳಿತು. ಚಿಕ್ಕಮ್ಮ ಹೆಕ್ಕಿ ಕೊಟ್ಟಳು, ಅವನು ಅವಳಿಗೆ ತಲೆಬಾಗಿದ. ಯಂತ್ರವನ್ನು ಅವಚಿಕೊಂಡು ಬಾಗಿಲ ಬಳಿ ಹೋದಾಗ ಕರೆಂಟಕ್ಕ ಓಡಿಹೋಗಿ ಬಾಗಿಲು ಹಿಡಿದಳು. ಅವನು ಅವಳ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಮೆಟ್ಟಿಲಿಳಿದು ಹೋದ.

ಹೆಜ್ಜೆಯ ಸದ್ದು ಬೀದಿಗೆ ಸೇರಿಹೋಗುವವರೆಗೆ ಅವಳು ಬಾಗಿಲು ಹಿಡಿದೇ ನಿಂತಿದ್ದಳು. ಕೆಳಗೆ ಯಾರೋ ಚಪ್ಪಲಿಯ ಅಳತೆ ಕೇಳುತ್ತಿದ್ದರು.

"ಎಂಥ ಹೆಂಗಸೇ ನೀನು" ಎಂದಳು ಚಿಕ್ಕಮ್ಮ. ದನಿಯಲ್ಲಿ ಬೈಗುಳಕ್ಕಿಂತ ಅಳು ಹೆಚ್ಚಿತ್ತು. "ಕೈಗೆ ಬಂದದ್ದನ್ನ ಹೀಗೆ ಚೆಲ್ತಾರಾ? ನಾನು ಮುಚ್ಚಿಹಾಕಿದ್ದೆ, ಅವರು ಒಪ್ಪಿದ್ರು, ಮುಗಿದಿತ್ತು. ಈಗ ನಿನ್ನ ನಿಜ ಯಾರಿಗೆ ಬೇಕಾಗಿತ್ತು?"

"ನನಗೇ ಬೇಕಾಗಿತ್ತು ಚಿಕ್ಕಮ್ಮ" ಎಂದಳು ಕರೆಂಟಕ್ಕ. ಬಾಗಿಲು ಮುಚ್ಚಿ ಒಳಗೆ ಬಂದು, ಅವನು ಕೂತಿದ್ದ ಸ್ಟೂಲಿನ ಮೇಲೆ ಕೂತಳು. "ಅವರೂ ಬೇಕಾಗಿತ್ತು."